ಬಿಚ್ಚಿ ಒಯ್ಯುವ ಮರಗೆಲಸದ ಬೆಂಚ್: ಮಾಡಿ ಬಳಸಿದವರು ಹೇಳಿ

ಪ್ರಶ್ನೆ: ಆಗಾಗ ಮನೆ ಬದಲಿಸಬೇಕಾಗುತ್ತದೆ, ಬೆಂಚ್‌ಗೆಂದೇ ಕೋಣೆ ಇಲ್ಲ. ಬಿಚ್ಚಿ ಜೋಡಿಸುವ ಮೊರೇವಿಯನ್ ಬೆಂಚ್ ಮಾಡೋಣ ಅಂತಿದ್ದೇನೆ. ಕೀಸುಳಿ ಹಾಕುವಾಗ ಅಲ್ಲಾಡುತ್ತದಾ? ಬಳಸಿದವರು ಹೇಳಿ.

— ಅಲ್ಲಾಡುವುದಿಲ್ಲ, ಬೆಣೆಯ ತೂತು ಸರಿಯಾಗಿದ್ದರೆ. 1753ರಿಂದ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನೆಲೆಸಿದ ಮೊರೇವಿಯನ್ನರು ಎಂಬ ಕ್ರೈಸ್ತ ಪಂಗಡದವರಿಂದ ಬಂದ ಹೆಸರು ಇದು, ಬೋಲ್ಟು ನಟ್ಟು ಏನೂ ಬೇಡ. ಎರಡೂ ತುದಿಯ ಕಾಲುಜೋಡಿಗಳನ್ನು ಅಂಟು ಹಾಕಿ ಖಾಯಂ ಮಾಡಿಬಿಡಿ. ಬಿಚ್ಚುವುದು ಉದ್ದದ ಅಡ್ಡಪಟ್ಟಿ ಮಾತ್ರ. ಅದರ ಟೆನನ್, ಅಂದರೆ ತುದಿಯಲ್ಲಿ ಕಿರಿದಾಗಿ ಕೆತ್ತಿದ ನಾಲಿಗೆ, ಕಾಲನ್ನು ತೂರಿ ಆಚೆ ಬರುತ್ತದಲ್ಲ, ಅಲ್ಲಿ ಬೆಣೆಗೆ ತೂತು ಕೊರೆಯಬೇಕು. ಆ ತೂತಿನ ಒಳ ಅಂಚು ಕಾಲಿನ ಹೊರಮುಖಕ್ಕಿಂತ ಎರಡು ಮೂರು ಮಿಲಿಮೀಟರ್ ಒಳಗಿರಲಿ. ಸಮವಾಗಿ ಕೊರೆದರೆ ಬೆಣೆ ಟೆನನ್‌ಗೇ ಕಚ್ಚಿ ನಿಂತುಬಿಡುತ್ತದೆ, ಕಾಲನ್ನು ಎಳೆಯುವುದೇ ಇಲ್ಲ, ಕೊಡತಿಯಲ್ಲಿ ಎಷ್ಟು ಬಾರಿಸಿದರೂ ಬೆಂಚ್ ತೊನೆಯುತ್ತಲೇ ಇರುತ್ತದೆ. ತೂತಿನ ಆಚೆಗೂ ಒಳ್ಳೇ ಉದ್ದ ಮರ ಉಳಿಸಿ, ಇಲ್ಲಾಂದ್ರೆ ತುದಿ ಎಳೆ ಹಿಡಿದು ಸೀಳಿ ಬರುತ್ತದೆ.

ಕಾಲುಗಳು ಉದ್ದದ ದಿಕ್ಕಿಗೆ ಹೊರಕ್ಕೆ ವಾಲಿರುತ್ತವೆ, ಕೀಸುಳಿಯ ತಳ್ಳುವಿಕೆಯನ್ನು ತಡೆಯುವುದೇ ಅದು. ಹಾಗಾಗಿ ಟೆನನ್ ಭುಜವನ್ನೂ (ಕಾಲಿಗೆ ಒತ್ತಿ ನಿಲ್ಲುವ ಅಂಚು) ಅದೇ ಓರೆಗೆ ಕತ್ತರಿಸಬೇಕು. ಬೆವೆಲ್ ಗೇಜ್ (ಓರೆ ಗುರುತು ಹಾಕುವ ಸಾಧನ) ಒಮ್ಮೆ ಹೊಂದಿಸಿ, ಕೊನೇ ಕಾಲು ಮುಗಿಯುವವರೆಗೂ ಅದರ ಸ್ಕ್ರೂ ಮುಟ್ಟಬೇಡಿ.

— ಮೇಲಿನವರು ಬೆಣೆ ಅಂದರು, ನಾನು ಭಾರ ಅಂತೀನಿ. ಸಾಗಿಸೋದು ಸುಲಭವಾಗಲಿ ಅಂತ ಮೇಲಿನ ಹಲಗೆ ತೆಳು ಮಾಡೋರು ಜಾಸ್ತಿ. ಬೇಡ. ಮುಂದಿನ ಹಲಗೆ 80 ಮಿ.ಮೀ. ದಪ್ಪ, 300 ಅಗಲ ಇರಲಿ, ಹಿಂದೆ ಉಪಕರಣ ಇಡೋ ತೆಳು ತಟ್ಟೆ ಸಾಕು. 1.8 ಮೀಟರ್ ಉದ್ದದ ಪೈನ್ ಹಲಗೆ ಸುಮಾರು 20 ಕೆಜಿ ಬರುತ್ತದೆ, ಒಬ್ಬರೇ ಎತ್ತಬಹುದು. ಹೋಲ್ಡ್‌ಫಾಸ್ಟ್ (ಹಲಗೆಯ ತೂತಿಗೆ ಬಡಿದು ಮರವನ್ನು ಒತ್ತಿಹಿಡಿಯೋ ಕಬ್ಬಿಣದ ಕೊಕ್ಕೆ) ಕಚ್ಚೋಕೂ ಆ ದಪ್ಪ ಬೇಕು. ಹಲಗೆಗೆ ಅಂಟು ಬೇಡ, ಗೂಟದ ಮೇಲೆ ಸುಮ್ನೆ ಕೂರುತ್ತದೆ.

— ಉಳಿ ಕೆಲಸವೇ ಜಾಸ್ತಿ ಅಂದ್ರೆ ರೋಮನ್ನರ ಗಿಡ್ಡ ಬೆಂಚ್ ನೋಡಿ. ಮೊಣಕಾಲೆತ್ತರದ ದಪ್ಪ ಹಲಗೆ, ಓರೆಯಾಗಿ ಕೊರೆದ ತೂತಿಗೆ ನಾಲ್ಕು ಕಾಲು, ಅಷ್ಟೇ. ಮೇಲೆ ಅಡ್ಡಗಾಲು ಹಾಕಿ ಕೂತರೆ ನಿಮ್ಮ ಮೈಭಾರವೇ ಮರ ಬಿಗಿಹಿಡಿಯುವ ವೈಸ್. ಗರಗಸ ಹಾಕುವಾಗ ಮರದ ಮೇಲೆ ಮೊಣಕಾಲೂರಿದರೆ ಸಾಕು. ಉದ್ದ ಹಲಗೆ ಕೀಸೋಕೆ ಮಾತ್ರ ಸೊಂಟ ಹಿಡಿಯುತ್ತದೆ, ಸುಳ್ಳು ಹೇಳಲ್ಲ.

— ಎತ್ತರದ ಬಗ್ಗೆ ಯಾರೂ ಹೇಳಲಿಲ್ಲ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಅಂಗೈ ಚಪ್ಪಟೆಯಾಗಿ ಊರುವಷ್ಟಿದ್ದರೆ ಕೀಸುಳಿಗೆ ಸರಿ. ಇನ್ನೊಂದು: ಹೊಸ ಬೆಂಚ್‌ನ ಮರ ಒಣಗಿ ಕುಗ್ಗಿದಾಗ ಬೆಣೆ ಸಡಿಲವಾಗುತ್ತದೆ, ಕೆಲಸಕ್ಕೆ ಮುಂಚೆ ಒಂದೊಂದು ಏಟು ಹಾಕಿ. ಬೆಣೆಗೂ ಅದರ ತೂತಿಗೂ ಒಂದೇ ನಂಬರ್ ಕೊರೆದಿಡಿ, ಕೈಯಲ್ಲಿ ಮಾಡಿದ ನಾಲ್ಕು ಬೆಣೆ ಒಂದೇ ಥರ ಇರುವುದಿಲ್ಲ. ಮನೆ ಬದಲಿಸುವಾಗ ಮೊದಲು ಕಳೆದುಹೋಗುವುದೂ ಅವೇ, ಐದನೆಯದೊಂದು ಜೊತೆಗೇ ಮಾಡಿಟ್ಟುಕೊಳ್ಳಿ.