ಘಾಟ್ ಹತ್ತುವಾಗ ಮಾತ್ರ ಲಾರಿ ಹೀಟ್ ಆಗುವುದೇಕೆ?

ಪ್ರಶ್ನೆ: ಸರ್ ನಮಸ್ಕಾರ. ಮಂಗಳೂರಿನಲ್ಲಿ ಲೋಡ್ ತುಂಬಿಕೊಂಡು ಶಿರಾಡಿ ಘಾಟ್ ಹತ್ತುವಾಗ ನಮ್ಮ ಲಾರಿಯ ಹೀಟ್ ಮೀಟರ್ ಕೆಂಪು ಮುಟ್ಟುತ್ತದೆ. ಸಕಲೇಶಪುರ ದಾಟಿದರೆ ಏನೂ ಇಲ್ಲ. ಥರ್ಮೋಸ್ಟಾಟ್ ಹೊಸದು, ಕೂಲಂಟ್ ಸರಿ ಇದೆ. ಮೆಕ್ಯಾನಿಕ್ ದಪ್ಪ ರೇಡಿಯೇಟರ್ ಹಾಕಿಸಿ ಅಂತಾರೆ. ನೀವು ಇದನ್ನೆಲ್ಲ ಕಂಪ್ಯೂಟರ್‌ನಲ್ಲೇ ನೋಡುತ್ತೀರಂತೆ. ಹಾಕಿಸಲಾ?

ಉತ್ತರ: ಸದ್ಯಕ್ಕೆ ಬೇಡ ಅಣ್ಣ. ಘಾಟ್‌ನಲ್ಲಿ ಎಂಜಿನ್ ಪೂರ್ತಿ ದುಡಿಯುತ್ತದೆ, ಗಾಡಿ ಮಾತ್ರ ತೆವಳುತ್ತದೆ. ಎದುರುಗಾಳಿ ಇಲ್ಲ, ಎಲ್ಲ ಭಾರ ಫ್ಯಾನ್ ಮೇಲೆ. ನಾವು ಸಿಮ್ಯುಲೇಶನ್‌ಗೆ, ಅಂದರೆ ಕಂಪ್ಯೂಟರ್‌ನಲ್ಲಿ ಮಾಡುವ ಲೆಕ್ಕಕ್ಕೆ, ಮೊಟ್ಟಮೊದಲು ಆರಿಸಿಕೊಳ್ಳುವುದೂ ಇದೇ ಸ್ಥಿತಿಯನ್ನು. ಕ್ಯಾಬಿನ್ ಕೆಳಗಿನ ಜಾಗವನ್ನು ಕೋಟಿಗಟ್ಟಲೆ ಪುಟ್ಟ ಕೋಣೆಗಳಾಗಿ ಒಡೆದು, ಒಂದೊಂದರಲ್ಲೂ ಗಾಳಿಯ ವೇಗ, ಬಿಸಿ ಲೆಕ್ಕ ಹಾಕುತ್ತೇವೆ. ರೇಡಿಯೇಟರ್‌ನ ಪ್ರತಿ ಫಿನ್ (ತೆಳು ತಗಡು) ಬಿಡಿಸಲು ಹೋದರೆ ಕಂಪ್ಯೂಟರೇ ಹೀಟ್ ಆದೀತು! ಗಾಳಿಯನ್ನು ಇಷ್ಟು ತಡೆಯುವ, ಇಷ್ಟು ಬಿಸಿ ಬಿಡುವ ಇಟ್ಟಿಗೆ ಅಂತ ಅದನ್ನು ಇಟ್ಟುಕೊಳ್ಳುತ್ತೇವೆ.

ಹೀಗೆ ನೋಡಿದಾಗ ಪದೇ ಪದೇ ಸಿಕ್ಕಿಬೀಳುವ ಕಳ್ಳ ಒಬ್ಬನಿದ್ದಾನೆ. ಎಂಜಿನ್ ಕಡೆಯ ಬಿಸಿಗಾಳಿ ರೇಡಿಯೇಟರ್ ಪಕ್ಕದ ಸಂದಿಯಲ್ಲಿ ನುಸುಳಿ ಮತ್ತೆ ಮುಂದಕ್ಕೇ ಬರುತ್ತದೆ. ಹೊರಗೆ 35 ಡಿಗ್ರಿ ಇದ್ದು, ರೇಡಿಯೇಟರ್‌ಗೆ ಸಿಗುವ ಗಾಳಿ 45 ಡಿಗ್ರಿ ಆಯಿತು ಅಂತಿಟ್ಟುಕೊಳ್ಳಿ. ಕೂಲಂಟ್ ಬಿಸಿಯೂ ಹೆಚ್ಚುಕಡಿಮೆ ಆ 10 ಡಿಗ್ರಿಯಷ್ಟೇ ಏರುತ್ತದೆ. ದಪ್ಪ ರೇಡಿಯೇಟರ್ ಗಾಳಿಯನ್ನು ಇನ್ನೂ ಜಾಸ್ತಿ ತಡೆಯುತ್ತದೆ. ಸಂದಿ ಹಾಗೇ ಇದ್ದರೆ ದುಡ್ಡು ದಂಡ.

ರೇಡಿಯೇಟರ್ ಸುತ್ತ ಆ ಸಂದಿ ಮುಚ್ಚುವ ರಬ್ಬರ್ ಪಟ್ಟಿ ಇದೆಯಾ ನೋಡಿ. ರಿಪೇರಿಗೆ ಬಿಚ್ಚಿದವರು ಎಷ್ಟೋ ಸಲ ಸುಮ್ನೆ ಎಸೆದಿರುತ್ತಾರೆ. ಇಂಟರ್‌ಕೂಲರ್ (ಟರ್ಬೊದಿಂದ ಎಂಜಿನ್‌ಗೆ ಹೋಗುವ ಗಾಳಿ ತಣಿಸುವುದು) ಮತ್ತು ರೇಡಿಯೇಟರ್ ನಡುವಿನ ಧೂಳು ಹೊರಗಿನಿಂದ ಕಾಣುವುದಿಲ್ಲ, ಅದನ್ನೂ ತೊಳೆಸಿ. ಹೀಟ್ ಏರಿದಾಗ ಮಾತ್ರ ಜೋರಾಗಿ ತಿರುಗುವ ವಿಸ್ಕಸ್ ಫ್ಯಾನ್ ಆಗಿದ್ದು, ಹೀಟ್ ಏರಿದಾಗಲೂ ಭರ್ರೆಂದು ಸದ್ದು ಮಾಡದಿದ್ದರೆ ಒಳಗಿನ ಸಿಲಿಕೋನ್ ಎಣ್ಣೆ ಸೋರಿರಬಹುದು.

ಇನ್ನೊಬ್ಬರು: ನನ್ನ ಗಾಡಿ ಗ್ರಿಲ್ ಮುಂದೆ ಕಟ್ಟಿದ್ದ ಫ್ಲೆಕ್ಸ್ ತೆಗೆದ ಮೇಲೆ ಸರಿಹೋಯಿತು!

ಪ್ರಶ್ನೆ ಕೇಳಿದವರು: ಸರ್, ಎಡಗಡೆ ಪಟ್ಟಿ ಇಲ್ಲವೇ ಇಲ್ಲ! ಇನ್ನೊಂದು, ಮೇಲೆ ಹತ್ತಿ ಆಫ್ ಮಾಡಿ ಕ್ಯಾಬಿನ್ ಎತ್ತಿದರೆ ಇನ್ನೂ ಧಗಧಗ. ಆಫ್ ಮಾಡಿದ ಮೇಲೆ ತಣ್ಣಗಾಗಬೇಕಲ್ವಾ?

ಉತ್ತರ: ಆಫ್ ಮಾಡಿದರೆ ಫ್ಯಾನ್, ವಾಟರ್ ಪಂಪ್ ಎರಡೂ ನಿಂತವು. ಟರ್ಬೊ, ಸೈಲೆನ್ಸರ್ ಪೈಪ್ ಬಿಸಿಗೆ ಹೋಗಲು ದಾರಿಯಿಲ್ಲ. ವೈರಿಂಗ್, ಹೋಸ್ ಬೇಯುವುದು ಆಗಲೇ. ಆ ಕೆಲವು ನಿಮಿಷಗಳ ಲೆಕ್ಕವನ್ನೇ ಬೇರೆ ಮಾಡಿ, ಹೀಟ್ ಶೀಲ್ಡ್ ಎಲ್ಲಿ ಬೇಕು ಅಂತ ನೋಡುತ್ತೇವೆ. ನೀವು ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ. ರೇಡಿಯೇಟರ್ ಮುಚ್ಚಳ ಮಾತ್ರ ಆಗ ಮುಟ್ಟಬೇಡಿ. ಒಳಗಿನ ಒತ್ತಡಕ್ಕೆ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ, ತೆಗೆದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ.