ಬೇಸ್‌ಬಾಲ್ ಆಟಗಾರರ ಆಟೋಗ್ರಾಫ್: ಮಕ್ಕಳನ್ನು ಫ್ಯಾನ್ ಮೇಳಕ್ಕೆ ಕರೆದುಕೊಂಡು ಹೋಗುವವರಿಗೆ ನಮ್ಮ ಅನುಭವ

ಕೇಳಿದವರು: ಸೇಂಟ್ ಲೂಯಿಸ್‌ನಿಂದ

ನಮಸ್ಕಾರ. ನಾವು ದಾವಣಗೆರೆಯವರು, ಈಗ ಸೇಂಟ್ ಲೂಯಿಸ್‌ನಲ್ಲಿದ್ದೇವೆ. ಮಗನಿಗೆ 10 ವರ್ಷ. ಲಿಟಲ್ ಲೀಗ್ (ಮಕ್ಕಳ ಬೇಸ್‌ಬಾಲ್) ಆಡುತ್ತಾನೆ, ಈ ಊರಿನ ಬೇಸ್‌ಬಾಲ್ ತಂಡ ಕಾರ್ಡಿನಲ್ಸ್ ಅಂದರೆ ಪ್ರಾಣ. ಜನವರಿಯಲ್ಲಿ ನಡೆಯುವ ಆ ತಂಡದ ಅಭಿಮಾನಿಗಳ ವಿಂಟರ್ ವಾರ್ಮ್-ಅಪ್ ಮೇಳಕ್ಕೆ ಮೊದಲ ಸಲ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಅವನಿಗೆ ಆಟೋಗ್ರಾಫ್ ಬೇಕೇ ಬೇಕಂತೆ. ನನಗೂ ನಮ್ಮ ಯಜಮಾನರಿಗೂ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಅಷ್ಟಾಗಿ ಗೊತ್ತಿಲ್ಲ. ಏನು ತಗೊಂಡು ಹೋಗಬೇಕು, ಯಾವ ಪೆನ್ ಒಳ್ಳೆಯದು, ಸಹಿಗೆ ದುಡ್ಡು ಕೊಡಬೇಕಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಸೇಂಟ್ ಲೂಯಿಸ್ ಪಕ್ಕದ ಊರಿನಿಂದ

ಮೇಡಂ, ನಾವು ಈ ಮೇಳಕ್ಕೆ ಕೆಲವು ವರ್ಷಗಳಿಂದ ಮಕ್ಕಳ ಜೊತೆ ಹೋಗುತ್ತಿದ್ದೇವೆ. ಇದು ಚಿನ್ನಸ್ವಾಮಿ ಸ್ಟೇಡಿಯಂ ಗೇಟ್ ಹತ್ತಿರ ಕಾದು ನಿಂತು, ಬಸ್ ಹತ್ತುವ ಆಟಗಾರನ ಮುಂದೆ ಪುಸ್ತಕ ಹಿಡಿಯುವ ಹಾಗಲ್ಲ. ಇಲ್ಲಿ ಟೇಬಲ್ ಹಾಕಿರುತ್ತಾರೆ, ಆಟಗಾರ ಕೂತಿರುತ್ತಾನೆ, ನೀವು ಕ್ಯೂನಲ್ಲಿ ಹೋಗುತ್ತೀರಿ. ಯಾರು, ಯಾವ ದಿನ, ಎಷ್ಟು ಗಂಟೆಗೆ ಅಂತ ಮೊದಲೇ ಪಟ್ಟಿ ಬರುತ್ತದೆ. ಮೇಳದ ಒಳಗೆ ಹೋಗುವ ಟಿಕೆಟ್ ಬೇರೆ, ಆಟಗಾರರ ಸಹಿಯ ಟಿಕೆಟ್ ಬೇರೆ. ದೊಡ್ಡ ಹೆಸರಿನವರಿಗೆ ಜಾಸ್ತಿ ದರ, ಹೊಸಬರಿಗೆ ಕಡಿಮೆ.

ಸಹಿಗೂ ದುಡ್ಡಾ ಅಂತ ಅನ್ನಿಸಬಹುದು. ಆದರೆ ಈ ಮೇಳ ನಡೆಯುವುದು ಕಾರ್ಡಿನಲ್ಸ್ ಕೇರ್ ಅನ್ನುವ ತಂಡದ ಸೇವಾ ಸಂಸ್ಥೆಗಾಗಿ. 1997ರಲ್ಲಿ ಶುರುವಾದ ಸಂಸ್ಥೆ. ಮಕ್ಕಳಿಗೆ ಆಟದ ಮೈದಾನ ಕಟ್ಟಿಸುತ್ತಾರೆ, ಮಕ್ಕಳಿಗಾಗಿ ಕೆಲಸ ಮಾಡುವ ಸಣ್ಣ ಸಂಸ್ಥೆಗಳಿಗೆ ನೆರವು ಕೊಡುತ್ತಾರೆ. ದುಡ್ಡು ಅಲ್ಲಿಗೆ ಹೋಗುತ್ತದೆ ಅಂದಾಗ ನನಗೆ ಕೊಡೋಕೆ ಬೇಜಾರಿಲ್ಲ.

ಜನವರಿಯಲ್ಲೇ ಯಾಕೆ ಅಂದರೆ, ಸೀಸನ್ ಮಾರ್ಚ್ ಕೊನೆಗೆ ಶುರುವಾದರೆ ಸೆಪ್ಟೆಂಬರ್ ತನಕ ಒಂದೊಂದು ತಂಡವೂ 162 ಪಂದ್ಯ ಆಡಬೇಕು. ಫೆಬ್ರವರಿ ಮಧ್ಯದಲ್ಲಿ ತರಬೇತಿ ಶುರು. ಆಟಗಾರರು ಬಿಡುವಾಗಿ ಸಿಗುವುದು ಈ ಚಳಿಗಾಲದಲ್ಲೇ. ಇಂಥ ಮೇಳ ಮೊದಲು ಮಾಡಿದ್ದು ಚಿಕಾಗೊ ಕಬ್ಸ್ ತಂಡ, 1986ರಲ್ಲಿ. ಆಮೇಲೆ ಬೇರೆ ತಂಡಗಳೂ ಶುರು ಮಾಡಿದವು.

ಈಗ ಮುಖ್ಯವಾದ ಮಾತು. ನಿಮ್ಮ ಮಗ ತುಂಬಾ ಫೇಮಸ್ ಆಟಗಾರನ ಹೆಸರೇ ಹೇಳುತ್ತಾನೆ. ಅದಕ್ಕೊಂದು ಟಿಕೆಟ್ ತಗೊಳ್ಳಿ, ಸಿಕ್ಕರೆ ಸಂತೋಷ. ಆದರೆ ಉಳಿದ ದುಡ್ಡನ್ನೂ ಹೊತ್ತನ್ನೂ ಹೊಸ ಹುಡುಗರ ಟೇಬಲ್‌ಗೆ ಇಡಿ. ಕಾರ್ಡಿನಲ್ಸ್‌ನ ಆಲ್ಬರ್ಟ್ ಪೂಹೋಲ್ಸ್ ಗೊತ್ತಲ್ವಾ? 1999ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವುದು) ಅವನನ್ನು ಆರಿಸಿದ್ದು 13ನೇ ಸುತ್ತಿನಲ್ಲಿ, 402ನೆಯವನಾಗಿ. 2001ರ ಜನವರಿಯಲ್ಲಿ ಅವನಿನ್ನೂ ಮೇಜರ್ ಲೀಗ್‌ನಲ್ಲಿ, ಅಂದರೆ ಎಲ್ಲಕ್ಕಿಂತ ಮೇಲಿನ ಮಟ್ಟದಲ್ಲಿ, ಒಂದು ಪಂದ್ಯವನ್ನೂ ಆಡಿರಲಿಲ್ಲ. ಅದೇ ವರ್ಷ 'ವರ್ಷದ ಹೊಸ ಆಟಗಾರ' ಪ್ರಶಸ್ತಿ ಗೆದ್ದ. ಕೊನೆಗೆ 703 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದು ನಿವೃತ್ತನಾದ. ಮುಂದೆ ಯಾರು ಏನಾಗುತ್ತಾರೆ ಅಂತ ಯಾರಿಗೂ ಗೊತ್ತಿರಲ್ಲ. ಹೊಸಬರ ಮುಂದೆ ಕ್ಯೂ ಚಿಕ್ಕದು. ಅವರೂ ಖುಷಿಯಿಂದ ಮಗುವಿನ ಹತ್ತಿರ ಮಾತಾಡುತ್ತಾರೆ, ಯಾವ ಜಾಗದಲ್ಲಿ ಆಡ್ತೀಯಾ ಅಂತ ಕೇಳುತ್ತಾರೆ. ದೊಡ್ಡವರ ಟೇಬಲ್ ಮುಂದೆ ಕೆಲವೇ ಸೆಕೆಂಡು ಸಿಗುತ್ತದೆ, ಅಷ್ಟರಲ್ಲಿ ಹಿಂದಿನವರು ಬಂದಾಗಿರುತ್ತದೆ.

ಹಾಗೇ ಹಳೆಯ ಆಟಗಾರರನ್ನು ಬಿಡಬೇಡಿ. ಈ ಊರಿನಲ್ಲಿ ಅವರಿಗೆ ಇರುವ ಗೌರವ ನೋಡಿದರೆ ಮನಸ್ಸು ತುಂಬುತ್ತದೆ. ಸ್ಟ್ಯಾನ್ ಮ್ಯೂಸಿಯಲ್ ಅಂತ ಇದ್ದರು, 2013ರ ಜನವರಿಯಲ್ಲಿ ತೀರಿಕೊಂಡರು. ಇಡೀ ವೃತ್ತಿ ಒಂದೇ ತಂಡಕ್ಕೆ ಆಡಿ 3,630 ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಹೊಡೆದವರು. ಅದರಲ್ಲಿ ಊರಿನ ಮೈದಾನದಲ್ಲಿ 1,815, ಹೊರಗೆ 1,815, ಸರಿಸಮ. ಕೇಳಿದವರಿಗೆ ಸಹಿ ಇಲ್ಲ ಅನ್ನದ ಮನುಷ್ಯ ಅಂತ ಇಲ್ಲಿನ ಹಿರಿಯರು ಇವತ್ತಿಗೂ ಹೇಳುತ್ತಾರೆ. ಹೋಗುವ ಮೊದಲು ಪಟ್ಟಿಯಲ್ಲಿರುವ ಹಳಬರ ಬಗ್ಗೆ ಮಗನ ಜೊತೆ ಕೂತು ಓದಿ. ಆಜಿ ಸ್ಮಿತ್ ಬರುವುದಾದರೆ, ಅವರು ಶಾರ್ಟ್‌ಸ್ಟಾಪ್ ಜಾಗದಲ್ಲಿ (ಎರಡನೇ, ಮೂರನೇ ಬೇಸ್ ನಡುವೆ) ಸತತ 13 ಗೋಲ್ಡ್ ಗ್ಲವ್ (ಫೀಲ್ಡಿಂಗ್ ಪ್ರಶಸ್ತಿ) ಗೆದ್ದವರು ಅಂತ ಹುಡುಗನಿಗೆ ಗೊತ್ತಿರಲಿ. ಆಗ ಅವನು ಕೇಳುವ ಪ್ರಶ್ನೆಯೇ ಬೇರೆ ಇರುತ್ತದೆ.

ಸಾಮಾನ್ಯವಾಗಿ ಒಂದು ಟಿಕೆಟ್‌ಗೆ ಒಂದೇ ವಸ್ತುವಿನ ಮೇಲೆ ಸಹಿ. ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳಲು ಹೆಚ್ಚಾಗಿ ಬಿಡಲ್ಲ. ಮಗ ಸಹಿ ಮಾಡಿಸುವಾಗ ನೀವು ಪಕ್ಕದಿಂದ ತೆಗೆಯಬಹುದು. ಬ್ಯಾಗ್ ಎಷ್ಟು ದೊಡ್ಡದು ಬಿಡುತ್ತಾರೆ ಅಂತ ಆ ವರ್ಷದ ನಿಯಮ ನೋಡಿಕೊಳ್ಳಿ.

ಮಿನಿಯಾಪೊಲಿಸ್‌ನಿಂದ

ಪೆನ್ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಇದರಲ್ಲೇ ತುಂಬಾ ಜನ ಎಡವುತ್ತಾರೆ.

ಬಾಲ್ ಮೇಲೆ ಸಹಿಗೆ ನೀಲಿ ಬಾಲ್‌ಪಾಯಿಂಟ್ ಪೆನ್ನೇ ಸರಿ. ಅಂಗಡಿಯಲ್ಲಿ ಸಿಗುವ ಸಾದಾ ಬಿಕ್ ಪೆನ್ ಸಾಕು. ಶಾರ್ಪಿ ಮಾರ್ಕರ್ ಬೇಡ. ಹಾಕಿದ ದಿನ ದಪ್ಪಗೆ ಚೆನ್ನಾಗಿ ಕಾಣುತ್ತದೆ. ವರ್ಷ ಕಳೆದ ಹಾಗೆ ಆ ಶಾಯಿ ಚರ್ಮದಲ್ಲಿ ಹರಡಿ, ಅಂಚು ಮಬ್ಬಾಗಿ, ಅಕ್ಷರವೇ ಗೊತ್ತಾಗಲ್ಲ. ಆಟಗಾರರ ಚಿತ್ರದ ಕಾರ್ಡ್, ಫೋಟೋ, ಜೆರ್ಸಿ, ಟೋಪಿ, ಇವಕ್ಕೆಲ್ಲ ಶಾರ್ಪಿ ಸರಿ. ಕಪ್ಪು ಅಥವಾ ಗಾಢ ಬಣ್ಣದ ವಸ್ತುವಾದರೆ ಬೆಳ್ಳಿ ಬಣ್ಣದ ಪೇಂಟ್ ಪೆನ್ ಇರಲಿ. ಎಲ್ಲವೂ ಎರಡೆರಡು. ಪೆನ್ನನ್ನು ಮನೆಯಲ್ಲೇ ಒಂದು ಕಾಗದದ ಮೇಲೆ ಗೀಚಿ ನೋಡಿ. ನಮ್ಮ ಮಿನೆಸೋಟದ ಜನವರಿ ಚಳಿಗೆ ಬಾಲ್‌ಪಾಯಿಂಟ್ ಶಾಯಿ ಗಟ್ಟಿಯಾಗಿ ಸರಾಗವಾಗಿ ಬರುವುದಿಲ್ಲ. ಅದಕ್ಕೇ ನಾವು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತೇವೆ. ನಿಮ್ಮಲ್ಲೂ ಚಳಿ ಇದೆ, ಪೆನ್ ಕಾರಿನಲ್ಲಿ ಬಿಡಬೇಡಿ.

ಬಾಲ್ ಯಾವುದು ಅಂದರೆ, ರಾಲಿಂಗ್ಸ್ ಕಂಪನಿಯ ಅಧಿಕೃತ ಮೇಜರ್ ಲೀಗ್ ಬಾಲ್ ತಗೊಳ್ಳಿ. ಮಕ್ಕಳು ಆಡುವ ಅಗ್ಗದ ಬಾಲ್ ಹೊದಿಕೆ ಎಷ್ಟೋ ಸಲ ನಿಜವಾದ ಚರ್ಮ ಆಗಿರಲ್ಲ, ಶಾಯಿ ಕೂರಲ್ಲ. ಬಾಲ್ ಸುತ್ತ 108 ಜೋಡಿ ಹೊಲಿಗೆ ಇರುತ್ತದೆ. ಎರಡು ಹೊಲಿಗೆ ಸಾಲು ತೀರಾ ಹತ್ತಿರ ಬರುವ, ಅಚ್ಚು ಏನೂ ಇಲ್ಲದ ಕಿರಿದಾದ ಜಾಗವೇ ಸ್ವೀಟ್ ಸ್ಪಾಟ್. ಒಬ್ಬರದೇ ಸಹಿ ಬೇಕಾದರೆ ಅಲ್ಲಿ ಮಾಡಿಸಬೇಕು. ಮಗನಿಗೆ ಮೊದಲೇ ಕಲಿಸಿ: ಆ ಜಾಗ ಮೇಲೆ ಬರುವ ಹಾಗೆ ತಿರುಗಿಸಿ, ಪೆನ್ ಮುಚ್ಚಳ ತೆಗೆದು, ಬಾಲ್ ಮತ್ತು ಪೆನ್ ಒಟ್ಟಿಗೆ ಕೊಡಬೇಕು. ಒಂದೇ ಬಾಲ್ ಮೇಲೆ ಇಡೀ ತಂಡದ ಸಹಿ ಸೇರಿಸುವ ಆಸೆ ಇದ್ದರೆ ಸ್ವೀಟ್ ಸ್ಪಾಟನ್ನು ಮ್ಯಾನೇಜರ್‌ಗೋ (ಮುಖ್ಯ ಕೋಚ್) ದೊಡ್ಡ ಆಟಗಾರನಿಗೋ ಬಿಟ್ಟು, ಉಳಿದವರಿಗೆ ಪಕ್ಕದ ಜಾಗ ತೋರಿಸಿ.

ಹೊಳಪಿರುವ ಕಾರ್ಡ್ ಆದರೆ ಶಾಯಿ ಹನಿಹನಿಯಾಗಿ ನಿಲ್ಲುತ್ತದೆ. ಮುಂಚೆಯೇ ಸ್ವಲ್ಪ ಬೇಬಿ ಪೌಡರ್ ಹಾಕಿ ಮೆತ್ತಗಿನ ಬಟ್ಟೆಯಿಂದ ಒರೆಸಿಡಿ.

ಸಹಿ ಓದೋಕೆ ಬರಬೇಕು ಅನ್ನುವುದು ನಮ್ಮ ಊರಿನವರಿಗೆ ದೊಡ್ಡ ವಿಷಯ. ಅದಕ್ಕೆ ಕಾರಣ ನಮ್ಮ ಮಿನೆಸೋಟ ಟ್ವಿನ್ಸ್ ತಂಡದ ಹಳೆಯ ಆಟಗಾರ ಹಾರ್ಮನ್ ಕಿಲಬ್ರೂ. 573 ಹೋಮ್ ರನ್ ಹೊಡೆದವರು, 2011ರಲ್ಲಿ ತೀರಿಕೊಂಡರು. ಟೋರಿ ಹಂಟರ್, ಮೈಕಲ್ ಕಡಯರ್ ಥರದ ಕಿರಿಯ ಆಟಗಾರರಿಗೆ ಅವರು ಕೂರಿಸಿಕೊಂಡು ಹೇಳಿದ್ದರಂತೆ, ಸಹಿ ಮಾಡಿದರೆ ಹೆಸರು ಓದುವ ಹಾಗೆ ಬರೀರಿ ಅಂತ. ಟೋರಿ ಹಂಟರ್ ಸಹಿ ನೋಡಿ, ಒಂದೊಂದು ಅಕ್ಷರವೂ ಕಾಣುತ್ತದೆ. ನನಗೆ ಇದು ಯಾವ ದಾಖಲೆಗಿಂತಲೂ ದೊಡ್ಡದು ಅನ್ನಿಸುತ್ತದೆ.

ಡಾಲಸ್‌ನಿಂದ

ಮೇಲಿನ ಇಬ್ಬರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸಹಿಯ ಜೊತೆ ಮಗನ ಹೆಸರು ಬರೆಸಬೇಡಿ. ಬರೀ ಸಹಿ ಇದ್ದರೆ ಮುಂದೆ ಮಾರುವಾಗ ಬೆಲೆ ಜಾಸ್ತಿ. 'ಟು' ಅಂತ ಒಬ್ಬರ ಹೆಸರು ಬಂದರೆ ಕೊಳ್ಳುವವರು ಕಡಿಮೆ.

ಇನ್ನೊಂದು, ಕ್ಯೂ ದೊಡ್ಡದು ಅಂತ ಹೊರಗೆ ಯಾರೋ ಸಹಿ ಇರುವ ಬಾಲ್ ಮಾರಿದರೆ ಖಂಡಿತ ತಗೋಬೇಡಿ. 1990ರ ದಶಕದಲ್ಲಿ ಖೋಟಾ ಸಹಿಯ ವ್ಯಾಪಾರ ಎಷ್ಟು ಬೆಳೆದಿತ್ತೆಂದರೆ, ಸ್ಯಾನ್ ಡಿಯಾಗೋ ತಂಡದ ಆಟಗಾರ ಟೋನಿ ಗ್ವಿನ್ ತಮ್ಮ ತಂಡದ ಅಂಗಡಿಯಲ್ಲೇ ತಮ್ಮ ಹೆಸರಿನ ಖೋಟಾ ಸಹಿ ನೋಡಿದ್ದರು. ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಅಂತ ತನಿಖೆ ಮಾಡಿ ದೊಡ್ಡ ಗುಂಪನ್ನೇ ಹಿಡಿಯಿತು. ಅದಾದ ಮೇಲೆ 2001ರಲ್ಲಿ ಮೇಜರ್ ಲೀಗ್ ತನ್ನದೇ ದೃಢೀಕರಣ ವ್ಯವಸ್ಥೆ ತಂದಿತು. ಅವರ ಕಡೆಯವರು ಕಣ್ಣಾರೆ ನೋಡಿದ ಸಹಿಗೆ ಮಾತ್ರ ನಂಬರ್ ಇರುವ ಹೊಲೊಗ್ರಾಮ್ ಅಂಟಿಸುತ್ತಾರೆ. ಆ ನಂಬರ್ ಹಾಕಿ ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ಕೊಳ್ಳುವುದೇ ಆದರೆ ಅದು ಇರಲಿ.

ಸೇಂಟ್ ಲೂಯಿಸ್ ಪಕ್ಕದ ಊರಿನಿಂದ, ಮತ್ತೆ

ಡಾಲಸ್ ಸರ್ ಹೇಳಿದ ಖೋಟಾ ವಿಷಯ ಪೂರ್ತಿ ಒಪ್ಪುತ್ತೇನೆ. ಹೆಸರಿನ ವಿಷಯ ಮಾತ್ರ ಒಪ್ಪಲ್ಲ. 10 ವರ್ಷದ ಹುಡುಗ ಯಾಕೆ ಮಾರುತ್ತಾನೆ? ಹೆಸರು ಬರೆಸಿ ಅಂದರೆ ಆಟಗಾರರಿಗೂ ಸಮಾಧಾನ, ಇವರು ನಾಳೆ ಮಾರೋಕೆ ತಗೊಂಡು ಹೋಗುತ್ತಿಲ್ಲ ಅಂತ. ಹೆಸರು ಬರೆಯುವಾಗ ಅವರು ತಲೆ ಎತ್ತಿ ಮಗುವಿನ ಮುಖ ನೋಡುತ್ತಾರೆ, ಅದೇ ಹೊತ್ತಿಗೆ ಎರಡು ಮಾತು ಆಗುತ್ತದೆ. ನಾನಂತೂ ಬರೆಸಿಯೇ ಬರೆಸುತ್ತೇನೆ. ನಮ್ಮ ಹೆಸರುಗಳು ಅವರಿಗೆ ಹೊಸದು. ಆದ್ದರಿಂದ ಮಗನ ಹೆಸರನ್ನು ಇಂಗ್ಲಿಷ್‌ನಲ್ಲಿ ದೊಡ್ಡದಾಗಿ ಒಂದು ಅಂಟು ಚೀಟಿಯಲ್ಲಿ ಬರೆದು ಬಾಲ್ ಜೊತೆ ಹಿಡಿದುಕೊಳ್ಳಲಿ. ಕೆಲವು ಕ್ಯೂನಲ್ಲಿ ಹೊತ್ತಿಲ್ಲ ಅಂತ ಹೆಸರು ಬರೆಯಲು ಬಿಡುವುದಿಲ್ಲ. ಅಲ್ಲಿ ಹಠ ಮಾಡಬೇಡಿ.

ಸ್ಯಾನ್ ಹೋಸೆಯಿಂದ

ಮೇಳ ಮುಗಿದ ಮೇಲೂ ಆಸೆ ಉಳಿದರೆ ಮೈನರ್ ಲೀಗ್ (ದೊಡ್ಡ ತಂಡಗಳಿಗೆ ಹುಡುಗರು ತಯಾರಾಗುವ ಕೆಳಗಿನ ಮಟ್ಟ) ಪಂದ್ಯಕ್ಕೆ ಕರೆದುಕೊಂಡು ಹೋಗಿ. ನಮ್ಮ ಊರಿನಲ್ಲಿ ಸ್ಯಾನ್ ಹೋಸೆ ಜೈಂಟ್ಸ್ ಅಂತ ಚಿಕ್ಕ ತಂಡ ಇದೆ. ಪಂದ್ಯಕ್ಕೆ ಮೊದಲು ಬೇಲಿ ಹತ್ತಿರ ನಿಂತು ಮರ್ಯಾದೆಯಿಂದ ಹೆಸರು ಹಿಡಿದು ಕರೆದರೆ ಎಷ್ಟೋ ಹುಡುಗರು ಬಂದು ಸಹಿ ಮಾಡುತ್ತಾರೆ. ಸಹಿಗೆ ದುಡ್ಡಿಲ್ಲ, ಬೇರೆ ಟಿಕೆಟ್ ಇಲ್ಲ. 2009ರಲ್ಲಿ ಬಸ್ಟರ್ ಪೋಸಿ ಇಲ್ಲೇ ಆಡುತ್ತಿದ್ದ. ಮುಂದಿನ ವರ್ಷವೇ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಜೊತೆ ವರ್ಲ್ಡ್ ಸೀರೀಸ್ (ಮೇಜರ್ ಲೀಗ್ ಫೈನಲ್) ಗೆದ್ದ. ನಿಮಗೆ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್, ಇಲಿನಾಯ್‌ನ ಪಿಯೋರಿಯಾ ಎರಡರಲ್ಲೂ ಕಾರ್ಡಿನಲ್ಸ್‌ನ ಕಿರಿಯ ತಂಡಗಳಿವೆ, ಕಾರಿನಲ್ಲಿ ಹೋಗಿಬರಬಹುದಾದ ದೂರ. ಮಾರ್ಚ್‌ನಲ್ಲಿ ರಜೆ ಸಿಕ್ಕರೆ ಫ್ಲಾರಿಡಾದ ಜುಪಿಟರ್‌ನಲ್ಲಿ ಅವರ ಸ್ಪ್ರಿಂಗ್ ಟ್ರೈನಿಂಗ್ (ಸೀಸನ್‌ಗೆ ಮೊದಲಿನ ತರಬೇತಿ) ಇರುತ್ತದೆ. ಆಟಗಾರರು ಅಭ್ಯಾಸದ ಮೈದಾನಗಳ ನಡುವೆ ನಡೆದುಕೊಂಡು ಹೋಗುವಾಗ ತೀರಾ ಹತ್ತಿರ ಸಿಗುತ್ತಾರೆ.

ಪಂದ್ಯ ನಡೆಯುವಾಗ, ಅಥವಾ ಆಟಗಾರ ತನ್ನ ಹೆಂಡತಿ ಮಕ್ಕಳ ಜೊತೆ ಊಟಕ್ಕೆ ಬಂದಿದ್ದಾಗ ಕೇಳಬೇಡಿ. ನಮ್ಮ ಮಕ್ಕಳಿಗೆ ಇದನ್ನು ಕಲಿಸುವುದು ಸಹಿಗಿಂತ ಮುಖ್ಯ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೆಸರು ಬರೆಸುತ್ತೇವೆ. ಇನ್ನೆರಡು ಪ್ರಶ್ನೆ. ಮಗ ನಾಚಿಕೆ ಸ್ವಭಾವದವನು, ಅವನ ಬದಲು ನಾನೇ ಮಾತಾಡಲಾ? ಸಹಿ ಆದ ಬಾಲನ್ನು ಮನೆಯಲ್ಲಿ ಎಲ್ಲಿಡಬೇಕು?

ಮಿನಿಯಾಪೊಲಿಸ್‌ನಿಂದ

ನೀವು ಮಾತಾಡಬೇಡಿ ಮೇಡಂ, ಒಂದು ಹೆಜ್ಜೆ ಹಿಂದೆ ನಿಂತಿರಿ. ಒಂದೇ ಪ್ರಶ್ನೆ ಮನೆಯಲ್ಲಿ ತಯಾರು ಮಾಡಿಸಿ. 'ನನ್ನ ವಯಸ್ಸಿನಲ್ಲಿ ನೀವು ಯಾವ ಜಾಗದಲ್ಲಿ ಆಡ್ತಿದ್ರಿ' ಅಂತ ಕೇಳಿದರೆ ಸಾಕು, ಎಂಥವರೂ ಉತ್ತರ ಕೊಡುತ್ತಾರೆ. ಅದೂ ಆಗದಿದ್ದರೆ ಹೆಸರು ಹಿಡಿದು ಥ್ಯಾಂಕ್ಯೂ ಹೇಳಲಿ.

ಬಾಲನ್ನು ಬರಿಗೈಯಲ್ಲಿ ಪದೇ ಪದೇ ಮುಟ್ಟಬೇಡಿ, ಕೈಯ ಎಣ್ಣೆ ಬೆವರಿಗೆ ಚರ್ಮ ಕಂದುತ್ತದೆ. ಚೌಕದ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಸೂರ್ಯನ ಯುವಿ ಕಿರಣ ತಡೆಯುವಂಥದ್ದೇ ತಗೊಳ್ಳಿ. ಹಾಗಿದ್ದರೂ ಕಿಟಕಿ ಎದುರಿನ ಶೆಲ್ಫ್ ಬೇಡ, ನೀಲಿ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ. ನಾವು ಮಕ್ಕಳ ಕೋಣೆಯ ಒಳಗೋಡೆಗೆ, ಬಿಸಿಲು ಬೀಳದ ಕಡೆ ಇಟ್ಟಿದ್ದೇವೆ. ಯಾರದು, ಯಾವ ದಿನ, ಎಲ್ಲಿ ಸಿಕ್ಕಿತು ಅಂತ ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಅಡಿಗೆ ಇಡಿ. ಅದನ್ನು ಮಗನ ಕೈಯಲ್ಲೇ ಬರೆಸಿ, ಅವತ್ತೇ ರಾತ್ರಿ.