ಶುಗರ್ ಹತೋಟಿಯಲ್ಲಿದ್ದರೂ ಅಪ್ಪನ ಕಣ್ಣಿಗೆ ತೊಂದರೆ ಏಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮಪ್ಪನಿಗೆ 61 ವರ್ಷ. ಶುಗರ್ ಬಂದು 12 ವರ್ಷ ಆಯ್ತು. ಈಗ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಶುಗರ್, 7.1 ಇದೆ. ಆದರೂ ಕಣ್ಣಿನ ಹಿಂಭಾಗದ ಒಳಪದರ ರೆಟಿನಾದಲ್ಲಿ ರಕ್ತದ ಚುಕ್ಕೆಗಳಿವೆ ಅಂದರು. ಅಪ್ಪ ಆರಾಮಾಗಿ ಪೇಪರ್ ಓದುತ್ತಾರೆ. ಅವತ್ತು ಬಿಪಿ 156/92 ಇತ್ತು. "ತಲೆನೋವೇ ಇಲ್ವಲ್ಲ" ಅಂತ ಬಿಪಿ ಮಾತ್ರೆ ಬಿಟ್ಟು ನಾಲ್ಕು ತಿಂಗಳಾಗಿದೆ. ಇದಕ್ಕೂ ಕಣ್ಣಿಗೂ ಸಂಬಂಧ ಇದೆಯಾ?

ಉತ್ತರ, ಕಣ್ಣಿನ ವೈದ್ಯೆ: ತುಂಬಾನೇ ಇದೆ ಅಮ್ಮಾ. ಶುಗರ್‌ನಿಂದ ರೆಟಿನಾದ ಸಣ್ಣ ರಕ್ತನಾಳಗಳ ಗೋಡೆ ವರ್ಷಗಳಲ್ಲಿ ಸವೆದಿರುತ್ತದೆ. ಹಳೇ ಡ್ರಿಪ್ ಪೈಪಿಗೆ ಮೋಟಾರ್ ಜೋರಾಗಿ ಬಿಟ್ಟರೆ ಅಲ್ಲಲ್ಲಿ ಜಿನುಗುತ್ತದೆ ಅಲ್ವಾ? ಬಿಪಿ ಮಾಡುವುದೂ ಅದನ್ನೇ. ಶುಗರ್ ಇರುವವರ ಮೇಲೆ ನಡೆದ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದ ಫಲಿತಾಂಶ 1998ರಲ್ಲಿ ಬಂತು. ಸರಾಸರಿ ಬಿಪಿ 154/87 ಇದ್ದವರಿಗಿಂತ 144/82 ಇದ್ದವರಲ್ಲಿ ರೆಟಿನಾ ಇನ್ನಷ್ಟು ಕೆಡುವ ಅಪಾಯ ಸುಮಾರು ಮೂರನೇ ಒಂದು ಭಾಗ ಕಡಿಮೆ. ಬರೀ ಹತ್ತು ಅಂಕಕ್ಕೆ! ಈಗ ಶುಗರ್ ಇರುವ ಹೆಚ್ಚಿನವರಿಗೆ 130/80ರ ಒಳಗೆ ಇರಲಿ ಅನ್ನುತ್ತೇವೆ.

ತಲೆನೋವು ನೋಡಿ ಬಿಪಿ ಅಳೆಯೋಕಾಗಲ್ಲ. ಪೇಪರ್ ಓದಿ ರೆಟಿನಾ ಅಳೆಯೋಕೂ ಆಗಲ್ಲ. ರೆಟಿನಾದ ನಡುಭಾಗವಾದ ಮ್ಯಾಕುಲಾದಲ್ಲಿ ನೀರು ತುಂಬುವವರೆಗೂ ದೃಷ್ಟಿ ಚೆನ್ನಾಗೇ ಇರಬಹುದು. ಈ ವಾರವೇ ಫಿಜಿಶಿಯನ್ ಹತ್ತಿರ ಕರೆದುಕೊಂಡು ಹೋಗಿ. ಹಳೇ ಚೀಟಿ ಹಿಡಿದು ಸುಮ್ನೆ ಮೆಡಿಕಲ್ ಶಾಪಿಗೆ ಹೋಗಬೇಡಿ. ಮೂತ್ರದಲ್ಲಿ ಅಲ್ಬುಮಿನ್, ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಕೊಲೆಸ್ಟರಾಲ್ ಕೂಡ ನೋಡಿಸಿ. ಕಿಡ್ನಿಯಿಂದ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದ್ದರೆ ಕಣ್ಣಿನ ಊತವೂ ಜಾಸ್ತಿಯಾಗಬಹುದು.

ಪ್ರಶ್ನೆ: ಕಾಲೂ ಸ್ವಲ್ಪ ಊದಿಕೊಳ್ಳುತ್ತದೆ. ಶುಗರ್ ಮಾತ್ರೆಯಲ್ಲಿ ಪಯೋಗ್ಲಿಟಜೋನ್ ಇದೆ. ಉಪ್ಪಿನಕಾಯಿ ಇಲ್ಲದಿದ್ದರೆ ಊಟಕ್ಕೇ ಕೂರಲ್ಲ.

ಉತ್ತರ: ಇದನ್ನು ಹೇಳಿದ್ದು ಒಳ್ಳೇದಾಯ್ತು. ಆ ಔಷಧಿ ಕೆಲವರಲ್ಲಿ ಮೈಯಲ್ಲಿ ನೀರು ನಿಲ್ಲಿಸುತ್ತದೆ. ಅಪರೂಪಕ್ಕೆ ಮ್ಯಾಕುಲಾ ಊತವೂ ಹೆಚ್ಚಾಗುತ್ತದೆ. ನೀವಾಗಿ ನಿಲ್ಲಿಸಬೇಡಿ, ಕಾಲು ತೋರಿಸಿ ಫಿಜಿಶಿಯನ್ನರನ್ನು ಕೇಳಿ. ಕಾಲೂತಕ್ಕೆ ಹೃದಯ, ಕಿಡ್ನಿಯೂ ಕಾರಣ ಇರಬಹುದು. ಉಪ್ಪಿನಕಾಯಿ ವಿಷಯದಲ್ಲಿ ಜಗಳ ಗ್ಯಾರಂಟಿ, ನಮ್ಮನೆಯಲ್ಲೂ ಅದೇ ಕಥೆ. ಉಪ್ಪು ಕಡಿಮೆ ಮಾಡುವುದನ್ನು ಹಪ್ಪಳ, ಸಂಡಿಗೆಯಿಂದ ಶುರು ಮಾಡಿ.

ಪ್ರಶ್ನೆ, ಇನ್ನೊಬ್ಬರು: ಬಿಪಿ ಇಳಿದರೆ ಚುಕ್ಕೆ ಹೋಗುತ್ತಾ ಮೇಡಂ?

ಉತ್ತರ: ಸಣ್ಣ ಚುಕ್ಕೆಗಳು ಎಷ್ಟೋ ಸಲ ತಿಂಗಳುಗಳಲ್ಲಿ ಮಾಸುತ್ತವೆ. ಆದರೆ ಹೊಸದು ಬಂದಿಲ್ಲ ಅನ್ನಲು ಮತ್ತೆ ನೋಡಲೇಬೇಕು. ಕಣ್ಣ ಮುಂದೆ ದಿಢೀರ್ ಕಪ್ಪು ಎಳೆ ತೇಲಿದರೆ, ಪರದೆ ಬಿದ್ದಂತಾದರೆ ಅವತ್ತೇ ಬನ್ನಿ. ರೆಟಿನಾ ನೋಡಲು ಕಣ್ಣಿನ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ಗಂಟೆ ಮಂಜಾಗಿರುತ್ತದೆ. ಅವತ್ತು ಸ್ಕೂಟರ್ ಕೀ ಜೊತೆಗೆ ಬಂದವರ ಹತ್ತಿರ ಇರಲಿ.